ಸೋಮವಾರವೂ ಗುಳಿಗೆ

ಅಮ್ಮಿನಬಾವಿ
೧೨ ಅಕ್ಟೋಬರ್ ೨೦೨೫, ರವಿವಾರ

ಮಗಳು ಸೌಂದರ್ಯಾಳಿಗೆ ಗೌರಕ್ಕನ ಆಶೀರ್ವಾದ.

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ನಿನ್ನ ಅತ್ತೆಯ ಕಾಗದವೆಂದು ಗೊತ್ತಾಗಿರುತ್ತದೆ. ಏಳನೆಯ ಇಯತ್ತೆ ಕಲಿತವಳ ಕೋಳಿಕಾಲಿನ ಅಕ್ಷರ ಎಂದು ನೀನೇ ಒಮ್ಮೆ ನಕ್ಕಿದ್ದೆ. ಹರಿದು ಹಾಕಬೇಕು ಅನ್ನಿಸಿದರೂ ಸ್ವಲ್ಪ ತಡೆ. ಇದರಲ್ಲಿ ನಿನ್ನ ಗಿರ್ಮಿಟ್‌ನ ಸುದ್ದಿ ಇದೆ. ನನ್ನ ಸಲುವಾಗಿ ಬೇಡ, ನಾಯಿಯ ಸಲುವಾಗಿಯಾದರೂ ಕೊನೆಯವರೆಗೆ ಓದು.

ಬರೆಯಲು ತಡವಾಯಿತು. ನೀನು ಹೋಗಿ ಒಂದು ವರ್ಷದ ಮೇಲೆ ಎರಡು ತಿಂಗಳಾಯಿತು. ಇಷ್ಟು ದಿನ ಕೈ ನೋಯುತ್ತಿತ್ತು, ಕಣ್ಣು ಮಂಜಾಗಿತ್ತು ಎಂದೆಲ್ಲ ಬರೆಯಬಹುದಿತ್ತು. ಕೈಯೂ ನೆಟ್ಟಗಿತ್ತು, ಕಣ್ಣೂ ನೆಟ್ಟಗಿತ್ತು, ಸೊಕ್ಕು ಒಂದೇ ಅಡ್ಡ ಇತ್ತು. ಮೂರು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಒಳ್ಳೆಯದೇ ಮಾಡಿದೆ. ನನ್ನ ಬಾಯಿ ನಿನಗೆ ಗೊತ್ತಿದೆ, ಎತ್ತಿದ್ದರೆ ಮತ್ತೊಂದು ಜಗಳ ಹುಟ್ಟಿಸಿಕೊಳ್ಳುತ್ತಿದ್ದೆ. ಕಾಗದದಲ್ಲಾದರೆ ಬರೆದ ಸಾಲನ್ನು ಕಾಟು ಹೊಡೆಯಬಹುದು. ಇದಕ್ಕೂ ಮೊದಲು ಎರಡು ಹಾಳೆ ಒಲೆಗೆ ಹೋಗಿವೆ. ಕಾಗದದ ತಲೆಯ ಮೇಲೆ ಬಸವಣ್ಣನ ಹೆಸರು ಬರೆಯದೆ ನಾನು ಶುರು ಮಾಡುವವಳಲ್ಲ ಎಂದು ನಿನಗೆ ಗೊತ್ತು. ಈ ಸಲ ಬರೆದಿಲ್ಲ. ಯಾಕೆಂಬುದು ಕೊನೆಗೆ ಬರುತ್ತದೆ.

ಇಲ್ಲಿ ನಾವು ಇಬ್ಬರೂ ಇದ್ದೇವೆ. ನಿನ್ನ ಗಂಡ ಶಿವಯೋಗೀಶ ಸೋಯಾ ಕೊಯ್ಲು ಮುಗಿಸಿ ಈಗ ಹಿಂಗಾರಿ ಕಡಲೆ ಬಿತ್ತಿಗೆಗೆ ಹೊಲ ಹದ ಮಾಡುತ್ತಿದ್ದಾನೆ. ಮಾತು ಮೊದಲೇ ಕಡಿಮೆ, ಈಗ ಇನ್ನೂ ಕಡಿಮೆಯಾಗಿದೆ. ಊಟಕ್ಕೆ ಕುಳಿತಾಗ ರೊಟ್ಟಿ ಸಾಕು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ, ಕೈ ಅಡ್ಡ ಹಿಡಿಯುತ್ತಾನೆ. ಸಣ್ಣ ಎಮ್ಮೆ ಈದಿದೆ. ನಿನ್ನ ಕೈಯಿಂದ ಹುಲ್ಲು ತಿನ್ನುತ್ತಿದ್ದ ಅದೇ ಎಮ್ಮೆ, ಹೆಣ್ಣುಕರು ಹಾಕಿದೆ.

ಇನ್ನು ಗಿರ್ಮಿಟ್. ಧಾರವಾಡದ ಬಸ್‌ಸ್ಟ್ಯಾಂಡಿನ ಹತ್ತಿರ ಚುರುಮುರಿ ಕಲಸಿ ಗಿರ್ಮಿಟ್ ಮಾರುವ ಗಾಡಿಯ ಕೆಳಗೆ ಕುಂಯಿಗುಡುತ್ತಿದ್ದ ಮರಿಯನ್ನು ನೀನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ದಿನ ನೆನಪಿದೆಯೇ? ಕಪ್ಪು, ಕಂದು, ಬಿಳಿ ಎಲ್ಲವನ್ನೂ ಕಲಸಿಟ್ಟ ಬಣ್ಣ, ಅದಕ್ಕೇ ಆ ಹೆಸರು ಸರಿಯಾಗಿ ಕುಳಿತಿತ್ತು. "ಈ ನಾಯಿ ಹೊಸ್ತಿಲ ದಾಟಿ ಒಳಗ ಬಂತಂದ್ರ, ನಾ ಹೊಸ್ತಿಲ ದಾಟಿ ಹೊರಗ ಹೊಕ್ಕೇನಿ" ಎಂದು ನಾನು ಕೂಗಾಡಿದ್ದೆ. ಈಗ ಕೇಳು. ನಾನು ಈ ಕಾಗದ ಬರೆಯುತ್ತಿರುವುದು ಪಡಸಾಲೆಯಲ್ಲಿ, ಅದು ಮಲಗಿರುವುದು ನನ್ನ ಹಳೆಯ ಇಳಕಲ್ ಸೀರೆಯ ಮೇಲೆ, ನನ್ನ ಕಾಲಿಗೆ ಬೆನ್ನು ಹಚ್ಚಿ. ನಗು ಬಂದರೆ ನಗು.

ನೀನು ಹೋದ ಮೇಲೆ ನಿನ್ನ ತಮ್ಮ ವಿಶಾಲ ನಾಯಿಯನ್ನು ಒಯ್ಯಲು ಬಂದಿದ್ದನಲ್ಲ, ಅವನನ್ನು ನಾನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದೆ. "ಇದು ನಮ್ಮ ಮನಿ ನಾಯಿ, ನಮ್ಮ ರೊಟ್ಟಿ ತಿಂದು ಬೆಳದೈತಿ" ಎಂದೆ. ನೀನು ಸಿಟ್ಟಾಗಿರಬೇಕು. ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ನಾಯಿ ಇಲ್ಲಿದ್ದರೆ ಅದಕ್ಕಾಗಿಯಾದರೂ ನೀನು ತಿರುಗಿ ಬರುತ್ತೀ ಅಂದುಕೊಂಡಿದ್ದೆ. ಮೂಕ ಪ್ರಾಣಿಯನ್ನು ಒತ್ತೆ ಇಟ್ಟುಕೊಂಡೆ. ಅದಕ್ಕೆ ಅದು ಪಟ್ಟ ಕಷ್ಟವನ್ನು ನಿನಗೆ ಹೇಳಲೇಬೇಕು.

ಮೊದಲ ತಿಂಗಳು ಅಂಗಳದ ಬಾಗಿಲಲ್ಲಿ ಕುಳಿತೇ ಇತ್ತು. ಯಾವ ಆಟೋ ಸಪ್ಪಳವಾದರೂ ಎದ್ದು ನಿಲ್ಲುತ್ತಿತ್ತು. ಆಮೇಲೆ ಬೇರೆಯೇ ಶುರುವಾಯಿತು. ನಾನು ಕೀಲಿ ಕೈಗೆ ತೆಗೆದುಕೊಂಡರೆ ಸಾಕು, ನಡುಗುವುದು, ಜೊಲ್ಲು ಸುರಿಸುವುದು, ನನ್ನ ಸೀರೆ ಹಿಡಿದು ಎಳೆಯುವುದು. ಬಾಗಿಲು ಹಾಕಿದರೆ ಊರೆಲ್ಲ ಕೇಳುವ ಹಾಗೆ ಊಳಿಡುತ್ತಿತ್ತು. ಮುಂಗಾಲನ್ನು ನೆಕ್ಕಿ ನೆಕ್ಕಿ ಕೂದಲು ಹೋಗಿ ಕೆಂಪು ಹುಣ್ಣಾಯಿತು. ಸೋಮವಾರದ ಭಜನೆ ಬಿಟ್ಟೆ, ಸಂತೆ ಬಿಟ್ಟೆ, ಹಿತ್ತಲಿಗೆ ಹೋದರೂ ಅದನ್ನು ಕರೆದುಕೊಂಡೇ ಹೋಗುವ ಹಾಗಾಯಿತು.

ನಾನು ಸುಮ್ಮನೆ ಕುಳಿತಿರಲಿಲ್ಲ. ವಿಭೂತಿ ಹಚ್ಚಿದೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಸಿಟ್ಟು ಬಂದ ದಿನ ಕಸಬರಿಗೆಯಿಂದ ಎರಡು ಕೊಟ್ಟೆ, ಆಮೇಲೆ ನಾನೇ ಅತ್ತೆ. ನಮ್ಮ ಕಾಳಿನ ಚೀಲ ಹುಬ್ಬಳ್ಳಿಗೆ ಒಯ್ಯುವ ಟಂಟಂ ಗಾಡಿಯ ಗೌಸಮೊದ್ದೀನ ಇದ್ದಾನಲ್ಲ, ಅವನು ದರ್ಗಾದಿಂದ ತಾಯಿತ ತಂದು ಅದರ ಕೊರಳಿಗೆ ಕಟ್ಟಿದ. ಹಣೆಗೆ ನಮ್ಮ ವಿಭೂತಿ, ಕೊರಳಿಗೆ ಅವರ ತಾಯಿತ. ಮರುದಿನ ಗಿರ್ಮಿಟ್ ಆ ತಾಯಿತವನ್ನೇ ತಿಂದು ಹಾಕಿತು. "ಒಳಗಿಂದ ಇನ್ನೂ ಛಲೋ ಕೆಲಸ ಮಾಡತೈತಿ ತಗೋರಿ ಅಕ್ಕಾರ" ಎಂದ ಗೌಸಮೊದ್ದೀನ.

ಕಾರಹುಣ್ಣಿಮೆಯ ಹೊತ್ತಿಗೆ ಹೆಬ್ಬಳ್ಳಿಯಲ್ಲಿ ಒಂದು ಮದುವೆಗೆ ನಾವಿಬ್ಬರೂ ಹೋಗಲೇಬೇಕಾಯಿತು. ಮನೆಗೆ ಕೀಲಿ ಹಾಕಿ ಹೋದೆವು. ಮಧ್ಯಾಹ್ನ ಬಂದು ನೋಡಿದರೆ ಬಾಗಿಲ ಚೌಕಟ್ಟನ್ನು ಒಳಗಿನಿಂದ ಕಡಿದು ಸೀಳಿ ಹಾಕಿತ್ತು. ಸಾಗುವಾನಿ ಚೌಕಟ್ಟು, ನಮ್ಮ ಮಾವನವರ ಕಾಲದ್ದು. ಅದರ ಮೇಲೆ ರಕ್ತ. ಎರಡು ಹಲ್ಲು ಮುರಿದಿದ್ದವು. ಬಾಯಲ್ಲಿ ರಕ್ತ ಸುರಿಯುತ್ತಿದ್ದರೂ ನಮ್ಮನ್ನು ಕಂಡು ಬಾಲ ಆಡಿಸಿತು.

ಶಿವಯೋಗೀಶ ತನ್ನ ಟವಲಿನಿಂದ ಅದರ ಬಾಯಿ ಒರೆಸಿದ. ಆಮೇಲೆ, "ಅವ್ವಾ, ಇದರ ಸಂಕಟ ನೋಡಾಕ ಆಗೂದಿಲ್ಲ. ದೂರ ಯಾವದರ ಹೊಲದಾಗ ಬಿಟ್ಟು ಬರತೇನಿ. ಅಲ್ಲೆ ಕೀಲಿ ಇಲ್ಲ, ಬಾಗಲಾ ಇಲ್ಲ" ಎಂದ.

"ಸೊಸಿ ಹೋದ್ಲು, ನಾಯಿನೂ ಹೋಗಲಿ ಅಂತೀಯೇನು?" ಎಂದೆ. ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು. ಅವನು ಎತ್ತುಗಳ ಕಡೆ ಹೋದ. ಆ ಸಂಜೆಯೇ ನಾನು ಗೌಸಮೊದ್ದೀನನಿಗೆ ಹೇಳಿ ಕಳಿಸಿದೆ, ನಾಳೆ ಚೀಲ ಬೇಡ, ನಾಯಿ ಒಯ್ಯಬೇಕು ಎಂದು.

ಧಾರವಾಡದ ದನದ ಆಸ್ಪತ್ರೆಯಲ್ಲಿ ಕಾವೇರಿ ಎಂಬ ಡಾಕ್ಟರಮ್ಮ. ನಿನ್ನದೇ ವಯಸ್ಸು, ನಿನ್ನ ಹಾಗೆಯೇ ಕೂದಲು ಮೇಲೆತ್ತಿ ಕ್ಲಿಪ್ ಹಾಕಿದ್ದಳು. ಮೇಜಿನ ಮೇಲೆ ಹತ್ತಿಸದೆ ತಾನೇ ನೆಲಕ್ಕೆ ಕುಳಿತು, ಗಿರ್ಮಿಟ್ ತಾನಾಗಿ ಹತ್ತಿರ ಬರುವವರೆಗೆ ಕಾದಳು. ಹಲ್ಲು ನೋಡಿದಳು, ಕಾಲಿನ ಹುಣ್ಣು ನೋಡಿದಳು, ರಕ್ತ ತೆಗೆದು ಪರೀಕ್ಷೆಗೆ ಕಳಿಸಿದಳು. ನಾನು ಒಂದೇ ಸಮ ದೂರು ಹೇಳುತ್ತಿದ್ದೆ. ಬಾಳ ಹಟಮಾರಿ ಆಗೈತ್ರಿ, ಮುದ್ದು ಮಾಡಿ ಕೆಡಿಸ್ಯಾರ, ಮನಿ ಮುರಿಯಾಕತ್ತೈತಿ ಎಂದು.

"ಇದು ಹಟ ಅಲ್ಲರಿ ಅಮ್ಮಾರ, ಅಂಜಿಕಿ" ಎಂದಳು. "ಮನ್ಯಾಗ ಯಾರರ ಇತ್ತೀಚಿಗೆ ಬಿಟ್ಟು ಹೋಗ್ಯಾರೇನ್ರಿ?"

ನಾನು ನಾಯಿಯ ಕಿವಿ ಸವರತೊಡಗಿದೆ. ಗೌಸಮೊದ್ದೀನನೇ ಬಾಗಿಲ ಹತ್ತಿರದಿಂದ, "ಇದರ ಮಾಲಕಿ ಹೋಗ್ಯಾಳ್ರಿ ಮೇಡಮ್" ಎಂದ.

"ಹಂಗಾದ್ರ ಇದಕ್ಕ ಏನ ಅನಸತೈತಿ ಅಂದ್ರ, ಬಾಗಲಾ ಹಾಕಿದವರು ಯಾರೂ ತಿರುಗಿ ಬರೂದಿಲ್ಲ ಅಂತ. ನೀವು ಬೈದ್ರ, ಹೊಡದ್ರ ಅಂಜಿಕಿ ಹೋಗೂದಿಲ್ಲ, ಹೆಚ್ಚಾಗತೈತಿ. ಗುಳಿಗಿ ಬರದು ಕೊಡತೇನಿ."

"ನಾಯಿಗೂ ಮನಸಿನ ಬ್ಯಾನಿ ಬರತೈತೇನ್ರಿ?" ಎಂದು ನಾನು ನಕ್ಕೆ. ಅವಳು ನಗಲಿಲ್ಲ.

"ಮನಸಿದ್ದ ಮ್ಯಾಲೆ ಬ್ಯಾನಿನೂ ಬರತೈತ್ರಿ. ಇದು ಮಂಕು ಮಾಡಿ ಮಲಗಸೋ ಗುಳಿಗಿ ಅಲ್ಲ. ಅಂಜಿಕಿ ಸ್ವಲ್ಪ ಇಳಸತೈತಿ, ಇಳದ ಮ್ಯಾಲೆ ಅದು ಕಲಿಯಾಕ ಬರತೈತಿ. ಇವತ್ತ ಕೊಟ್ರ ನಾಳೆ ಗುಣ ಕಾಣೂದಿಲ್ಲ, ನಾಲ್ಕರಿಂದ ಆರು ವಾರ ಬೇಕು. ಮೊದಲ ಸ್ವಲ್ಪ ದಿನ ಊಟ ಕಡಿಮಿ ಮಾಡಬಹುದು. ದಿನಾ ಒಂದ ಹೊತ್ತಿಗೆ ಕೊಡ್ರಿ. ನನ್ನ ಕೇಳದ ನಿಲ್ಲಸಬ್ಯಾಡ್ರಿ" ಎಂದಳು.

ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದೆ. ಅಂಗಡಿಯವನು ಗುಳಿಗೆಯ ಪಟ್ಟಿ ತೆಗೆದು ಕೈಗಿಟ್ಟ. ಅರ್ಧ ಹಸಿರು, ಅರ್ಧ ಬಿಳಿ. ಪಟ್ಟಿಯ ಹಿಂಬದಿಯ ಹೆಸರು ಓದಿದೆ, ಇಂಗ್ಲಿಷಿನಲ್ಲಿದ್ದರೂ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಆ ಹೆಸರನ್ನು ನಾನು ಮೊದಲೇ ಒಮ್ಮೆ ಹೀಗೇ ಓದಿದ್ದೆ. ನಿನ್ನ ಗುಳಿಗೆಯ ಪಟ್ಟಿಯ ಮೇಲೆ.

"ಇದು ಮನಷ್ಯಾರ ಗುಳಿಗಿ ಅಲ್ಲೇನಪಾ?" ಎಂದು ಕೇಳಿದೆ.

"ಇಬ್ಬರಿಗೂ ನಡೀತೈತ್ರಿ ಅಮ್ಮಾ. ಡಾಕ್ಟ್ರು ಬರದಷ್ಟ ಕೊಡಬೇಕು, ಅಷ್ಟ" ಎಂದ ಅವನು. ಟಂಟಂನಲ್ಲಿ ಊರಿಗೆ ಬರುವಾಗ ಗೌಸಮೊದ್ದೀನ ದಾರಿಯುದ್ದಕ್ಕೂ ಏನೋ ಮಾತಾಡಿದ. ನನಗೆ ಒಂದೂ ಕೇಳಲಿಲ್ಲ.

ಗುಳಿಗೆ ತಿನ್ನಿಸುವುದು ಎಂದರೆ ಅದೊಂದು ದೊಡ್ಡ ರಾದ್ಧಾಂತ. ಪೇಢೆಯಲ್ಲಿ ಇಟ್ಟು ಕೊಟ್ಟೆ, ಪೇಢೆ ತಿಂದು ಗುಳಿಗೆಯನ್ನು ಚೊಕ್ಕವಾಗಿ ನನ್ನ ಕಾಲ ಹತ್ತಿರ ಇಟ್ಟಿತು. ಅನ್ನದಲ್ಲಿ ಕಲಸಿದೆ, ಅನ್ನವನ್ನೇ ಬಿಟ್ಟಿತು. ಕೊನೆಗೆ ಬಿಸಿ ರೊಟ್ಟಿಯ ಉಬ್ಬಿದ ಪದರ ಬಿಚ್ಚಿ, ಬೆಣ್ಣೆ ಸವರಿ, ನಡುವೆ ಗುಳಿಗೆ ಇಟ್ಟು, ಕೊಡುವುದೋ ಬೇಡವೋ ಎಂಬಂತೆ ಸ್ವಲ್ಪ ಆಟವಾಡಿಸಿ ಕೊಟ್ಟೆ. ಗುಳುಂ. ಅಂದಿನಿಂದ ಮುಂಜಾನೆ ಒಂಬತ್ತಕ್ಕೆ ಮೊದಲ ರೊಟ್ಟಿ ಅದರದು. ನಿನ್ನ ಗಂಡನದು ಎರಡನೆಯದು. ಅವನು ಏನೂ ಅನ್ನಲಿಲ್ಲ, ಅವನು ಯಾವುದಕ್ಕೆ ಏನಂದಾನು?

ಗುಳಿಗೆಯ ಜೊತೆ ಒಂದು ಪಾಠವೂ ಇತ್ತು. ಕೀಲಿ ಕೈಗೆ ತೆಗೆದುಕೊಳ್ಳುವುದು, ಮತ್ತೆ ಇಡುವುದು. ಹೊರಗೆ ಹೋಗುವುದು, ನಾಯಿ ಅಂಜುವುದರೊಳಗೆ ತಿರುಗಿ ಬರುವುದು. ಮೊದಲ ದಿನ ಐದು ಎಣಿಸುವಷ್ಟು ಹೊತ್ತು, ಆಮೇಲೆ ಹತ್ತು, ಆಮೇಲೆ ಒಂದು ನಿಮಿಷ. ದಿನಕ್ಕೆ ಹದಿನೈದು ಸಲ ನಾನು ಕೀಲಿ ಹಿಡಿದು ಹೊರಗೆ, ಒಳಗೆ, ಹೊರಗೆ, ಒಳಗೆ. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕುಳಿತು ನೋಡಿದರು. ಒಬ್ಬಳು, "ಗೌರಕ್ಕಾ, ಏನ ಕಳದೈತಿ? ಮುಂಜಾನಿಂದ ಹುಡಕಾಕತ್ತೀದಿ" ಎಂದಳು. ಇನ್ನೊಬ್ಬಳು ದನಿ ತಗ್ಗಿಸಿ, ಆದರೆ ನನಗೆ ಕೇಳುವ ಹಾಗೆ, "ಸೊಸಿ ಹೋದಾಗಿಂದ ಮುದಕಿ ತಲಿ ನೆಟ್ಟಗಿಲ್ಲ ಬಿಡು" ಎಂದಳು.

ಜಗಳವಾಡಲು ನನ್ನ ನಾಲಿಗೆ ತುದಿಗೆ ಮಾತು ಬಂದಿತ್ತು. ಆದರೆ ಆ ಮಾತು ನನ್ನದೇ. ನಾನು ನಿನಗೆ ಅಂದ ಮಾತು, ಅದೇ ಕಟ್ಟೆಯ ಮೇಲೆ ಕುಳಿತವರೆಲ್ಲ ಕೇಳಿಸಿಕೊಂಡಿದ್ದ ಮಾತು. ಒಳಗೆ ಬಂದು ಬಾಗಿಲು ಹಾಕಿಕೊಂಡು ನಾಯಿಯ ಮುಂದೆ ಕುಳಿತೆ.

ಐದನೆಯ ವಾರ ಒಂದು ದಿನ ಗುಡಿಗೆ ಹೋದೆ. ಅರ್ಧ ಗಂಟೆ ಇದ್ದೆ. ತಿರುಗಿ ಬಂದಾಗ ಊಳು ಕೇಳಲಿಲ್ಲ. ಸತ್ತೇ ಹೋಯಿತೇ ಎಂದು ಅಂಜಿ ಓಡಿದೆ. ಕಿಡಕಿಯಿಂದ ಇಣುಕಿದರೆ ಗಿರ್ಮಿಟ್ ಬಾಗಿಲ ಹತ್ತಿರ ನಾಲ್ಕೂ ಕಾಲು ಚಾಚಿ ಮಲಗಿತ್ತು, ಹೊಟ್ಟೆ ನಿಧಾನ ಏರಿ ಇಳಿಯುತ್ತಿತ್ತು. ನಾನು ಹೊರಗೇ ನಿಂತು ಅತ್ತೆ, ಸೌಂದರ್ಯಾ. ಒಂದು ಜೀವಕ್ಕೆ ನೆಮ್ಮದಿಯ ನಿದ್ದೆ ಬಂದದ್ದಕ್ಕೆ ಯಾರಾದರೂ ಅಳುತ್ತಾರೆಯೇ? ನಾನು ಅತ್ತೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಶಾಣ್ಯಾಳು ಅನ್ನಿಸಿಕೊಳ್ಳುತ್ತಿದ್ದೆ. ಮಾಡಿದ ತಪ್ಪನ್ನೂ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಸೋಮವಾರ ಎತ್ತಿಗೆ ನೊಗ ಹಾಕುವುದಿಲ್ಲ, ಬಸವಣ್ಣನ ವಾರ. ದುಡಿಯುವ ಎತ್ತಿಗೇ ಆ ದಿನ ಬಿಡುವು ಇದ್ದಾಗ, ಪಾಪ, ಈ ನಾಯಿಗೂ ಗುಳಿಗೆಯಿಂದ ಒಂದು ದಿನ ಬಿಡುವು ಇರಲಿ ಎಂದು ನನ್ನ ತಲೆಗೆ ಹೊಳೆಯಿತು. ಎರಡು ಸೋಮವಾರ ಕೊಡಲಿಲ್ಲ, ಏನೂ ಆಗಲಿಲ್ಲ. ಅಷ್ಟರಲ್ಲಿ ಶ್ರಾವಣ ಬಂತು. ನನಗೆ ತಿಂಗಳಿಡೀ ಒಪ್ಪತ್ತು, ಮುಂಜಾನೆ ಹಂಚು ಒಲೆಯ ಮೇಲೆ ಏರುವುದಿಲ್ಲ. ಹಂಚು ಇಲ್ಲದಿದ್ದರೆ ರೊಟ್ಟಿ ಇಲ್ಲ, ರೊಟ್ಟಿ ಇಲ್ಲದಿದ್ದರೆ ಗುಳಿಗೆ ಇಲ್ಲ. ಹೇಗೂ ನಾಯಿ ಗುಣವಾಗಿದೆ, ವ್ರತದ ಮನೆಯಲ್ಲಿ ಔಷಧಿ ಯಾಕೆ, ದೇವರು ನೋಡಿಕೊಳ್ಳುತ್ತಾನೆ ಎಂದು ಬಿಟ್ಟೇಬಿಟ್ಟೆ.

ಮೂರನೆಯ ವಾರ ನಾನು ಗುಡಿಯಲ್ಲಿದ್ದಾಗ ಗಿರ್ಮಿಟ್ ಅಡಿಗೆಮನೆಯ ಕಿಡಕಿಯಿಂದ ಹಾರಿತು. ಜಾಲರಿಯ ತಂತಿ ಹೊಟ್ಟೆಯನ್ನು ಉದ್ದಕ್ಕೆ ಸೀಳಿತ್ತು. ಹಾಗೆಯೇ ರಕ್ತ ಸುರಿಸುತ್ತ ಗುಡಿಯವರೆಗೆ ಓಡಿ ಬಂದು ನನ್ನ ಕಾಲಿನ ಮೇಲೆ ಬಿತ್ತು. ಶಿವಯೋಗೀಶ ತನ್ನ ಟವಲು ಕಟ್ಟಿ, ಎತ್ತಿಕೊಂಡು ಟಂಟಂ ಹತ್ತಿದ. ಅವನು ಅಳುವುದನ್ನು ಅವನ ಅಪ್ಪ ತೀರಿಹೋದ ದಿನ ಬಿಟ್ಟರೆ ನಾನು ಅಂದೇ ನೋಡಿದ್ದು.

ಡಾಕ್ಟರಮ್ಮ ಹದಿನಾಲ್ಕು ಹೊಲಿಗೆ ಹಾಕಿದಳು. ಕೈ ತೊಳೆದುಕೊಂಡು ಬಂದು ನನ್ನನ್ನು ಕೇಳಿದಳು, "ಗುಳಿಗಿ ಕೊಡಾಕತ್ತೀರಿಲ್ರಿ?"

"ಶ್ರಾವಣ ಬಂತಲ್ರಿ" ಎಂದೆ.

"ನಾಯಿಗೆ ಯಾವ ಶ್ರಾವಣರಿ ಅಮ್ಮಾರ?" ಸಿಟ್ಟು ಇರಲಿಲ್ಲ, ದಣಿವಿತ್ತು. "ಅದು ಆರಾಮಾಗಿತ್ತು ಅಂದ್ರ ಗುಳಿಗಿ ಕೆಲಸ ಮಾಡಾಕತ್ತಿತ್ತು ಅಂತ. ಗುಳಿಗಿ ಬ್ಯಾಡ ಅಂತ ಅಲ್ಲ. ಏಕಾಏಕಿ ಕೈ ಬಿಟ್ರ ಅಂಜಿಕಿ ಮೊದಲಿಗಿಂತ ಜೋರಾಗಿ ಬಂದ್ರೂ ಬರತೈತಿ. ನಿಮ್ಮ ವ್ರತ ನೀವು ಮಾಡ್ರಿ. ಅದಕ್ಕ ಯಾಕ ಮಾಡಸತೀರಿ?"

ನಾನು ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತೆ. ಅವಳು ಕೇಳಿದ್ದು ನಾಯಿಯ ವಿಷಯ. ನನಗೆ ಕೇಳಿಸಿದ್ದು ನಿನ್ನ ವಿಷಯ. ಹೋದ ವರ್ಷದ ಶ್ರಾವಣ. ನಿನ್ನ ಗುಳಿಗೆಯ ಪಟ್ಟಿಯೂ, ಅದಕ್ಕೆ ಸುತ್ತಿದ್ದ ಡಾಕ್ಟರ ಚೀಟಿಯೂ ಕಾಣದಾದವು. ಮೂರು ದಿನ ನೀನು ಮನೆಯೆಲ್ಲ ಹುಡುಕಿದೆ. ಹಾಸಿಗೆ ಕೊಡವಿದೆ, ಟ್ರಂಕಿನ ಸೀರೆಗಳನ್ನೆಲ್ಲ ಬಿಚ್ಚಿ ಮತ್ತೆ ಮಡಿಚಿದೆ. ಧಾರವಾಡಕ್ಕೆ ಹೋಗಿ ಹೊಸದು ಬರೆಸಿಕೊಂಡು ಬರುತ್ತೇನೆ ಎಂದಾಗ, "ಶ್ರಾವಣ ಮುಗೀಲಿ, ನಾಕ ದಿನ ಗುಳಿಗಿ ಬಿಟ್ರ ಯಾರೂ ಸಾಯೂದಿಲ್ಲ" ಎಂದವಳು ನಾನು. ಗಂಡನಿಗೆ ಹೇಳಲು ನೀನು ನಾಚಿದೆ, ನಿನ್ನ ಕೈಯಿಂದಲೇ ಕಳೆಯಿತಲ್ಲ ಎಂದು. ನಿನಗೆ ತಲೆ ತಿರುಗುತ್ತಿತ್ತು, ಕೈ ನಡುಗುತ್ತಿತ್ತು. ಆಮೇಲೆ ಮೂರನೆಯ ಸೋಮವಾರ ಜಂಗಮ ಐನೋರಿಗೆ ಊಟ ಹಾಕುವ ದಿನ, ಮನೆ ತುಂಬ ಜನ, ನೀನು ಹುಗ್ಗಿಯ ಪಾತ್ರೆ ಹಿಡಿದು ಪಂಕ್ತಿಯ ನಡುವೆ ನಿಂತುಬಿಟ್ಟೆ. ಉಸಿರು ಸಿಗಲಿಲ್ಲ ನಿನಗೆ. ಪಾತ್ರೆ ಬಿತ್ತು. ನೀನು ಓಡಿ ಹೋಗಿ ಕೊಟ್ಟಿಗೆಯಲ್ಲಿ ಗಿರ್ಮಿಟ್‌ನನ್ನು ತಬ್ಬಿಕೊಂಡು ಕುಳಿತೆ. ನಾನು ಎಲ್ಲರ ಮುಂದೆ, "ಇಟ್ಟದ್ದ ಮರೀತಾಳ, ಹಿಡದದ್ದ ಬಿಡತಾಳ, ಇಕಿ ತಲಿ ನೆಟ್ಟಗಿಲ್ಲ" ಎಂದೆ. ಮರುದಿನ ವಿಶಾಲ ಬಂದು ನಿನ್ನನ್ನು ಕರೆದೊಯ್ದ.

ನಾಯಿ ಚೌಕಟ್ಟು ಕಡಿದಾಗ ನನಗೆ ಸಿಟ್ಟಿಗಿಂತ ಕನಿಕರ ಮೊದಲು ಬಂತು. ನೀನು ಪಾತ್ರೆ ಬಿಟ್ಟಾಗ ನನಗೆ ಮೊದಲು ಬಂದದ್ದು ಜನ ಏನಂದಾರು ಎಂಬುದು. ಇದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ನನಗೆ ನನ್ನ ಮುಖ ನೋಡಿಕೊಳ್ಳಲು ಆಗುತ್ತಿಲ್ಲ.

ನಿನಗೆ ಯಾವತ್ತೂ ಹೇಳದ ಒಂದು ಸಂಗತಿ ಇದೆ. ನನ್ನ ತಾಯಿಗೂ ಇದೇ ಇತ್ತು. ಎದೆ ಹಿಡಿದುಕೊಂಡು ಮೂಲೆ ಸೇರುತ್ತಿದ್ದಳು, ಸಂತೆಗೆ ಹೋದರೆ ಅರ್ಧ ದಾರಿಯಿಂದ ತಿರುಗಿ ಓಡಿ ಬರುತ್ತಿದ್ದಳು. ಗಾಳಿ ಸೋಕಿದೆ ಎಂದರು, ಹುಚ್ಚಿ ಎಂದರು. ನನ್ನ ಮದುವೆಯ ಮಾತು ನಡೆದಾಗ ಅವಳನ್ನು ಹಿತ್ತಲ ಕೋಣೆಯಲ್ಲಿ ಕೂಡಿಸಿ, ಆಕೆಗೆ ಜ್ವರ ಎಂದು ಬೀಗರಿಗೆ ಹೇಳಿದರು. ಅವಳಿಗೆ ಯಾರೂ ಒಂದು ಗುಳಿಗೆ ಕೊಡಲಿಲ್ಲ. ನಿನ್ನ ಕೈಯಲ್ಲಿ ಆ ಪಟ್ಟಿ ಕಂಡಾಗ ನನಗೆ ಕಂಡದ್ದು ಔಷಧಿ ಅಲ್ಲ, ಆ ಹಿತ್ತಲ ಕೋಣೆ. ಇದನ್ನು ತಪ್ಪಿಸಿಕೊಳ್ಳಲು ಹೇಳುತ್ತಿಲ್ಲ. ನಿನಗೆ ತಿಳಿದಿರಲಿ ಎಂದಷ್ಟೇ ಹೇಳುತ್ತಿದ್ದೇನೆ.

ಗಿರ್ಮಿಟ್ ಈಗ ಆರಾಮವಾಗಿದೆ. ಹೊಲಿಗೆ ಮಾಯ್ದಿವೆ, ಮುಂಗಾಲಿಗೆ ಹೊಸ ಕೂದಲು ಬಂದಿದೆ, ಆ ಜಾಗದಲ್ಲಿ ಮಾತ್ರ ಬಿಳಿ. ಹೋದ ವಾರ ಎರಡು ತಾಸು ಮನೆಯಲ್ಲಿ ಒಂಟಿಯಾಗಿ ಆರಾಮ ಇತ್ತು. ಡಾಕ್ಟರಮ್ಮ ಇನ್ನೂ ಕೆಲವು ತಿಂಗಳು ಗುಳಿಗೆ ನಡೆಯಲಿ, ಆಮೇಲೆ ನೋಡಿಕೊಂಡು ನಿಧಾನ ಕಡಿಮೆ ಮಾಡೋಣ ಎಂದಿದ್ದಾಳೆ. ದೀಪಾವಳಿಯ ಪಟಾಕಿಗೆಂದು ಆ ಮೂರು ದಿನಕ್ಕೆ ಬೇರೆ ಒಂದು ಗುಳಿಗೆ ಬರೆದುಕೊಟ್ಟಿದ್ದಾಳೆ.

ನಾಯಿ ನಿನ್ನದು. ಇನ್ನು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ನೀನಿರುವ ಮನೆಯವರು ನಾಯಿಗೆ ಒಪ್ಪಿದ್ದಾರೆ ಎಂದು ವಿಶಾಲ ಗೌಸಮೊದ್ದೀನನಿಗೆ ಹೇಳಿದನಂತೆ. ಈ ಕಾಗದವನ್ನು ಗೌಸಮೊದ್ದೀನನೇ ನಿನ್ನ ಕೈಗೆ ಕೊಡುತ್ತಾನೆ. ಬೇಕು ಎಂದು ಅವನಿಗೆ ಒಂದು ಮಾತು ಹೇಳು, ಮುಂದಿನ ರವಿವಾರ ಕರೆತಂದು ಬಿಡುತ್ತಾನೆ. ನಾನು ಬರುವುದಿಲ್ಲ, ಅಂಜಬೇಡ. ಅದು ನಿನ್ನನ್ನು ಗುರುತು ಹಿಡಿಯುತ್ತದೆಯೇ ಎಂಬ ಯೋಚನೆ ಬೇಡ, ನಿನ್ನ ಹಳೆಯ ಸ್ವೆಟರು ಅದರ ಹಾಸಿಗೆಯ ಕೆಳಗೆ ಇಂದಿಗೂ ಇದೆ. ಮುಂಜಾನೆ ಒಂಬತ್ತಕ್ಕೆ ಬಿಸಿ ರೊಟ್ಟಿಯ ಪದರದಲ್ಲಿ ಬೆಣ್ಣೆ ಹಚ್ಚಿ ಗುಳಿಗೆ ಕೊಡು. ರೊಟ್ಟಿ ಆರಿದ್ದರೆ ಮೋಸ ಗೊತ್ತಾಗುತ್ತದೆ ಅದಕ್ಕೆ. ಸೋಮವಾರವೂ ಕೊಡಬೇಕು. ಶ್ರಾವಣದಲ್ಲೂ ಕೊಡಬೇಕು.

ನೀನೂ ನಿನ್ನ ಔಷಧಿ ತಪ್ಪಿಸಬೇಡ. ಯಾರು ಏನೇ ಅಂದರೂ, ನನ್ನಂಥ ಮುದುಕಿ ಯಾವ ದೇವರ ಹೆಸರು ಹೇಳಿದರೂ ತಪ್ಪಿಸಬೇಡ. ಈ ಮನೆಗೆ ಬಾ ಎಂದು ಕರೆಯುವ ಬಾಯಿ ನನಗಿಲ್ಲ. ನೀನು ಎಲ್ಲಿದ್ದರೂ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡು. ನಿನ್ನ ಎದೆ ಹಗುರವಾಗಿರಲಿ, ನಿನ್ನ ಹೆಸರು ಹೇಳಿ ದಿನವೂ ಒಂದು ದೀಪ ಹಚ್ಚುತ್ತಿದ್ದೇನೆ.

ಹಾಗೆ ಕರೆಯಲು ನಿನಗೆ ಇನ್ನೂ ಮನಸ್ಸಿದ್ದರೆ,
ನಿನ್ನ ಅತ್ತೆ
ಗೌರಕ್ಕ

ತಾ.ಕ.: ಕಾಗದ ಮಡಿಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಇದನ್ನು ಬರೆಯದೆ ಕಳಿಸಿದರೆ ಇಷ್ಟು ಬರೆದದ್ದೆಲ್ಲ ಸುಳ್ಳಾಗುತ್ತದೆ. ಸೌಂದರ್ಯಾ, ನಿನ್ನ ಗುಳಿಗೆಯ ಪಟ್ಟಿ ಕಳೆದಿರಲಿಲ್ಲ. ನಾನು ತೆಗೆದಿಟ್ಟಿದ್ದೆ. ಚೀಟಿಯ ಸಮೇತ ದೇವರ ಜಗುಲಿಯ ಮೇಲಿನ ವಿಭೂತಿ ಡಬ್ಬಿಯಲ್ಲಿ, ವಿಭೂತಿಯ ಕೆಳಗೆ ಇಟ್ಟಿದ್ದೆ. ದೇವರ ಮರೆಯಲ್ಲಿ ಕಳವು ಮುಚ್ಚಿಟ್ಟ ಕೈಯಿಂದ ಬಸವಣ್ಣನ ಹೆಸರು ಹೇಗೆ ಬರೆಯಲಿ, ಅದಕ್ಕೇ ಈ ಕಾಗದದ ತಲೆ ಖಾಲಿ. ನೀನು ಹುಡುಕುವಾಗ ನಾನೂ ನಿನ್ನ ಜೊತೆ ಹಾಸಿಗೆ ಎತ್ತಿ ಹುಡುಕಿದೆ. ನೀನು ಅತ್ತಾಗ ಅದೇ ಡಬ್ಬಿಯಿಂದ ವಿಭೂತಿ ತೆಗೆದು ನಿನ್ನ ಹಣೆಗೆ ಹಚ್ಚಿ, "ಸಿಗತೈತಿ ಬಿಡವಾ, ನಿನಗ ಮರವು ಬಾಳ" ಎಂದೆ. ಆಗ ನೀನು ನನ್ನ ಕೈ ಹಿಡಿದು, "ಅತ್ತಿ, ನನಗ ಖರೇನ ಹುಚ್ಚ ಹಿಡ್ಯಾಕತ್ತೈತೇನ್ರಿ?" ಎಂದು ಕೇಳಿದೆ. ನಾನು ಇಲ್ಲ ಎನ್ನಲಿಲ್ಲ. ನಿನ್ನೆ ಶಿವಯೋಗೀಶನಿಗೆ ಹೇಳಿದೆ. ಅವನು ಊಟದಿಂದ ಎದ್ದು ಹೋದವನು ಇನ್ನೂ ನನ್ನ ಜೊತೆ ಮಾತಾಡಿಲ್ಲ. ಪಟ್ಟಿಯನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ, ಹನ್ನೊಂದು ಗುಳಿಗೆ ಇವೆ. ದಿನಾಂಕ ಮೀರಿದೆ, ತೆಗೆದುಕೊಳ್ಳಬೇಡ, ನೋಡಲು ಮಾತ್ರ ಕಳಿಸುತ್ತಿದ್ದೇನೆ. ನೀನು ಏನನ್ನೂ ಮರೆತಿರಲಿಲ್ಲ ಮಗಳೇ. ನೀನು ಅದನ್ನು ಕನ್ನಡಿಯ ಹಿಂದಿನ ಗೂಡಿನಲ್ಲಿ, ದಿನಾ ಇಡುವ ಜಾಗದಲ್ಲೇ ಇಟ್ಟಿದ್ದೆ.